ಗುಂಯ್ ಅನ್ನೋ ಭಾನುವಾರ

ಸ್ಟೀರಿಯೋ ಹಿಂದೆ ತೂತುಗಳಿಗೆ ಬರವಿಲ್ಲ. ಆದರೆ ನಮ್ಮ ಕೈಲಿರೋ ಪಿನ್ನು ಮಾತ್ರ ಯಾವುದಕ್ಕೂ ಹೋಗಲ್ಲ, ಅಲ್ವಾ? ಮೊಬೈಲಿಂದು ಸಣ್ಣ ಪಿನ್ನು, ಕೀಬೋರ್ಡಿಂದು ದಪ್ಪ, ಟೀವಿ ಹಿಂದೆ ನೋಡಿದರೆ ಕೆಂಪು ಬೆಳಕು ಇಣುಕೋ ಚೌಕದ ಕಿಂಡಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನ ಜನಜಂಗುಳಿಯಲ್ಲಿ ನುಗ್ಗಿ ಅಂಗಡಿ ಮುಂದೆ ನಿಂತರೆ "ಪಿನ್ನು ಮೇಲಾ ಫೀಮೇಲಾ ಸಾರ್?" ಅಂತಾರೆ. ಮನೆಗೆ ಫೋನ್ ಮಾಡಿ ಹೆಂಡತಿ ಹತ್ತಿರ ಅದನ್ನು ಕೇಳೋದು ಹೇಗೆ?

ಈ ಭಾನುವಾರದ ಕೆಲಸ ಚಿಕ್ಕದು. ತಂಬೂರಿ ನಾದ ಕೊಡೋ ಮಗಳ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ಅಪ್ಪನ ಕಾಲದ ಆಂಪ್ಲಿಫೈಯರಿಗೆ ಸೇರಿಸಬೇಕು, ಅಷ್ಟೇ. ಊಟಕ್ಕೆ ಬಂದಿದ್ದ ನಮ್ಮ ಷಡ್ಡಕರು "ಬಿಡ್ರೀ, ನಾನು ಮಾಡ್ತೀನಿ" ಅಂತ ಪಂಚೆ ಎತ್ತಿ ಕಟ್ಟಿದರು.

ಅವರದೊಂದು ಪದ್ಧತಿ ಇದೆ. ಮೊದಲು ವಾಲ್ಯೂಮ್ ಪೂರ್ತಿ ತಿರುಗಿಸೋದು. ಆಮೇಲೆ "ಬರ್ತಿಲ್ವಲ್ಲ!" ಅನ್ನೋದು. ಆಮೇಲೆ ವೈರು ಅಲ್ಲಾಡಿಸೋದು. ವಾಲ್ಯೂಮ್ ಇಳಿಸೋದು ಆ ಪದ್ಧತಿಯಲ್ಲೇ ಇಲ್ಲ. ಹಿಂದೆ ಖಾಲಿ ಇದ್ದ ಜಾಗ ಹುಡುಕಿ ಚುಚ್ಚಿದರು, ಅದು ಫೋನೋ. ಅದು ಇರೋದು ಗ್ರಾಮಫೋನ್ ಸೂಜಿಗೆ; ಸೂಜಿ ಕೊಡೋದು ನಾಲ್ಕೈದು ಮಿಲಿವೋಲ್ಟ್, ಅದನ್ನು ಆಂಪ್ಲಿಫೈಯರ್ ಬೇರೆಯಾಗಿ ಹಿಗ್ಗಿಸಿಕೊಳ್ಳುತ್ತೆ. ಶ್ರುತಿ ಪೆಟ್ಟಿಗೆ ಕೊಡೋದು ಅದರ ಎಷ್ಟೋ ಪಟ್ಟು. "ಬರ್ತಿಲ್ವಲ್ಲ" ಅಂತ ಅವರು ಇನ್ನೊಮ್ಮೆ ಅಲ್ಲಾಡಿಸಿದರು ನೋಡಿ, ಪಿನ್ನು ಕೂತಿತು, "ಸಾ" ಅನ್ನೋದು "ಭ್ರಾ" ಅಂತ ಹೊರಗೆ ಬಿತ್ತು. ಶೋಕೇಸಿನ ಗಾಜು ಗಡಗಡ ಅಂತು. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. ಮೇಲಿನ ಮನೆಯವರು ಮೆಟ್ಟಿಲಲ್ಲೇ ನಿಂತು "ಬೋರ್‌ವೆಲ್ ಹಾಕಿಸ್ತಿದ್ದೀರಾ?" ಅಂತ ಕೇಳಿದರು. ಷಡ್ಡಕರು ಮಾತ್ರ ನಗುತ್ತಾ, "ಬಂತು ನೋಡಿ!"

ಅಪ್ಪ ಇದ್ದಾಗ ಆ ಆಂಪ್ಲಿಫೈಯರಿಗೆ ರೇಡಿಯೋ ಮತ್ತು ಟೇಪ್ ಬಿಟ್ಟು ಇನ್ನೊಂದು ವೈರು ಸೇರಿರಲಿಲ್ಲ. ಬೆಳಗ್ಗೆ ಸಂಸ್ಕೃತ ವಾರ್ತೆ ಹೊತ್ತಿಗೆ ಗುಂಡಿ ತಿರುಗಿಸೋರು. ಆ ಗುಂಡಿ ಇವತ್ತಿಗೂ ಅವರ ಬೆರಳು ತಾಗುತ್ತಿದ್ದ ಕಡೆ ಮಾತ್ರ ನುಣ್ಣಗಿದೆ.

ಇರಲಿ. ಆಕ್ಸ್ ಅನ್ನೋ ಮಾಮೂಲಿ ತೂತಿಗೆ ಬದಲಾಯಿಸಿದ ಮೇಲೆ ತಂಬೂರಿ ಚೆನ್ನಾಗೇ ಕೇಳಿಸಿತು, ಜೊತೆಗೆ ಸಣ್ಣಗೆ "ಗುಂಯ್" ಅಂತ ಇನ್ನೊಂದು. ಆಂಪ್ಲಿಫೈಯರಿಗೆ ಸೆಟ್‌ಟಾಪ್ ಬಾಕ್ಸಿನ ಕೆಂಪು-ಬಿಳಿ ವೈರೂ ಸೇರಿತ್ತು. ಕೇಬಲ್ ಟೀವಿ ವೈರು ಕಿತ್ತರೆ ಗುಂಯ್ ಮಾಯ, ಹಾಕಿದರೆ ಹಾಜರ್. ಕೇಬಲ್‌ನವರ ಅರ್ತಿಂಗಿಗೂ ನಮ್ಮ ಮನೆ ಅರ್ತಿಂಗಿಗೂ ಹೊಂದಾಣಿಕೆ ಇಲ್ಲ, ಅದಕ್ಕೇ ಕರೆಂಟಿನ ಗುಂಯ್ ಒಳಗೆ ನುಸುಳುತ್ತೆ. ಸರಿ, ಕಿತ್ತೇ ಇಡೋಣ ಅಂದರೆ, "ನನ್ನ ಧಾರಾವಾಹಿ ಟೈಮಿಗೆ ವೈರು ಮುಟ್ಟಿದ್ರೆ ನೋಡು" ಅಂತ ಅಮ್ಮ.

ಮಗಳು ಹಾಡೋದು ಐದು ಮನೆ ಶ್ರುತಿಗೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಗೆ. ಅದರ ಷಡ್ಜ, ಅಂದರೆ "ಸಾ", ಸುಮಾರು 196 ಹರ್ಟ್ಸ್. ನಮ್ಮ ಕರೆಂಟು 50. ಅದರ ಗುಂಯ್ 100, 200 ಅಂತ ಮೇಲೂ ಹೋಗುತ್ತೆ. "ದೊಡ್ಡಪ್ಪ, ಈ ಗುಂಯ್ ನನ್ನ 'ಸಾ'ಗಿಂತ ಒಂಚೂರು ಮೇಲಿದೆ, ಕಿವಿ ಕೆರೀತಿದೆ" ಅಂತ ಅವಳು ಮುಖ ಸಿಂಡರಿಸಿದಳು.

ಷಡ್ಡಕರು ತುಂಬಾ ಹೊತ್ತು ಯೋಚಿಸಿ, ಶ್ರುತಿ ಪೆಟ್ಟಿಗೆಯಲ್ಲಿ ಶ್ರುತಿ ಏರಿಸಿ ಇಳಿಸೋ ಸಣ್ಣ ತಿರುಪಿಗೆ ಕೈ ಹಾಕಿದರು.

"ಅದಕ್ಕೇನಂತೆ ಪುಟ್ಟಿ, ನೀನೇ ಒಂಚೂರು ಮೇಲೆ ಹಾಡು. ಕರೆಂಟಿಗೆ ಸರಿಹೋಗುತ್ತೆ."