ಎಡಗಾಲಿನ ಚಪ್ಪಲಿಗೆ ಕಾಲಂ ಇಲ್ಲ

ಚಪ್ಪಲಿ ಒಂದೇ ಸಿಕ್ಕಿದರೆ ಲೆಕ್ಕದಲ್ಲಿ ಒಂದು ಅಂತ ಬರೆಯಬೇಕಾ, ಅರ್ಧ ಅಂತ ಬರೆಯಬೇಕಾ?

ನಗಬೇಡಿ. ಮೊನ್ನೆ ಭಾನುವಾರ ಈ ಪ್ರಶ್ನೆ ಬಗೆಹರಿಯದೆ ನಾವು ನಾಲ್ಕು ಜನ, ಓದು ಬರಹ ಬಲ್ಲವರೇ, ಕಡಲ ತೀರದಲ್ಲಿ ಬಿಸಿಲಿಗೆ ಒಣಗಿದೆವು. ಪಕ್ಕದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದವರು ಎಳೆದು ಮುಗಿಸಿ, ಮೀನು ಹಂಚಿಕೊಂಡು ಮನೆಗೂ ಹೋದರು. ನಾವು ಮಾತ್ರ ಒಂದು ಹವಾಯಿ ಚಪ್ಪಲಿಯ ಸುತ್ತ ನಿಂತೇ ಇದ್ದೆವು.

ವಿಷಯ ಏನೆಂದರೆ, ಮಂಗಳೂರು ಉಡುಪಿ ನಡುವಿನ ನಮ್ಮ ತೀರದಲ್ಲಿ ನಾವು ಒಂದಷ್ಟು ಜನ ಸ್ವಯಂಸೇವಕರು ಕಸ ಎಣಿಸುತ್ತೇವೆ. ಸುಮ್ನೆ ಹೆಕ್ಕುವುದಲ್ಲ, ಎಣಿಸುವುದು. ತೀರದ ಉದ್ದಕ್ಕೆ 100 ಮೀಟರ್ ಹಗ್ಗ ಹಿಡಿಯಬೇಕು. ನೀರಿನ ಅಂಚಿನಿಂದ ಹಿಂದಿನ ಗಾಳಿ ಮರಗಳ ತನಕ ಏನೇನು ಬಿದ್ದಿದೆ ನೋಡಬೇಕು. ಬಾಟಲಿ ಎಷ್ಟು, ಮುಚ್ಚಳ ಎಷ್ಟು, ಬಲೆಯ ತುಂಡು ಎಷ್ಟು, ಥರ್ಮಾಕೋಲ್ ಎಷ್ಟು ಅಂತ ಫಾರಂ ತುಂಬಬೇಕು. 2.5 ಸೆಂಟಿಮೀಟರ್‌ಗಿಂತ ಚಿಕ್ಕದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ತೀರ ಎಷ್ಟು ಅಗಲ ಉಳಿದಿದೆ, ಡಾಂಬರಿನ ಉಂಡೆ ಬಂದಿದೆಯಾ, ಆಮೆ, ಹಂದಿಮೀನು, ಕಡಲ ಹಾವು ಏನಾದರೂ ಕಂಡಿತಾ, ಇದೆಲ್ಲ ಕೊನೆಯ ಪುಟದಲ್ಲಿ.

ಡಾಂಬರಿನ ಉಂಡೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ. ಮಳೆಗಾಲದ ಹೊತ್ತಿಗೆ ಅದು ತಾನಾಗಿ ಅಂಗಾಲಿಗೆ ಅಂಟಿಕೊಂಡು ಮನೆ ತನಕ ಬರುತ್ತದೆ. ಕಡಲಿಗೆ ಚೆಲ್ಲಿದ ಎಣ್ಣೆ ಗಟ್ಟಿಯಾಗಿ ಆಗುವ ಉಂಡೆ ಅದು. ಸೋಪಿಗೆ ಜಗ್ಗುವುದಿಲ್ಲ. ತೆಂಗಿನೆಣ್ಣೆ ಹಚ್ಚಿ ತಿಕ್ಕಬೇಕು. ಈಗಿನ ರೇಟಿನಲ್ಲಿ ತೆಂಗಿನೆಣ್ಣೆಯನ್ನು ಕಾಲಿಗೆ ಹಚ್ಚಿಕೊಳ್ಳುವುದು ಕಂಡರೆ ನಮ್ಮತ್ತೆಗೆ ತಡೆಯುವುದಿಲ್ಲ. ಸಮಾಜಸೇವೆಯ ಖರ್ಚು ಅಂತ ಹೇಳಿದರೂ ಅವರು ಒಪ್ಪುವುದಿಲ್ಲ.

ಎಣಿಸುವುದು ನಮ್ಮದೇ ಹೊಸ ಹುಚ್ಚೇನೂ ಅಲ್ಲ. 1986ರಲ್ಲಿ ಅಮೆರಿಕದ ಟೆಕ್ಸಸ್‌ನ ತೀರದಲ್ಲಿ ಕಸ ಹೆಕ್ಕುವಾಗ ಪಟ್ಟಿಯನ್ನೂ ಮಾಡಿದರು. ಈಗ ಪ್ರತಿ ಸೆಪ್ಟೆಂಬರ್‌ನ ಮೂರನೇ ಶನಿವಾರ ಎಷ್ಟೋ ದೇಶಗಳಲ್ಲಿ ಜನ ಹೀಗೇ ಬಗ್ಗಿ ಬಗ್ಗಿ ಎಣಿಸುತ್ತಾರೆ. ವರ್ಷಗಟ್ಟಲೆ ಅವರ ಪಟ್ಟಿಯಲ್ಲಿ ಸಿಗರೇಟು ತುಂಡಿಗೇ ಮೊದಲ ಸ್ಥಾನ. 2020ರ ವರದಿಯಲ್ಲಿ ಮೊದಲ ಸಲ ತಿಂಡಿ ಪ್ಯಾಕೆಟ್ ಅದನ್ನು ಹಿಂದೆ ಹಾಕಿತು. ಕುರುಕಲು ತಿನ್ನುವವರು ಸಿಗರೇಟು ಸೇದುವವರನ್ನು ಸೋಲಿಸಿದ ಈ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿದೆ. ನಮ್ಮ ಯಜಮಾನರು ಮಿಕ್ಸ್ಚರ್ ಮುಕ್ಕುತ್ತಾ "ಹೌದಾ" ಅಂದರು.

ಈಗ ರಾಯರ ವಿಷಯಕ್ಕೆ ಬರುತ್ತೇನೆ. ನನ್ನ ಸಿಟ್ಟಿಗೆಲ್ಲ ಮೂಲ ಅವರು.

ರಾಯರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ಒಳ್ಳೆಯವರು, ಹೊತ್ತಿಗೆ ಸರಿಯಾಗಿ ಬರುವವರು, ಎಲ್ಲರಿಗೂ ಫ್ಲಾಸ್ಕಿನಲ್ಲಿ ಕಾಫಿ ತರುವವರು. ಆದರೆ ಮೂವತ್ತು ವರ್ಷ ನೋಟು ಎಣಿಸಿದ ಕೈ ಸುಮ್ಮನಿರಬೇಕಲ್ಲ. ಸ್ಟ್ರಾಗಳನ್ನು ಹತ್ತು ಹತ್ತು ಮಾಡಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಕೊನೆಯ ಕಟ್ಟಿಗೆ ಎಂಟೇ ಇದ್ದರೆ ಇನ್ನೆರಡು ಹುಡುಕಿಕೊಂಡು 100 ಮೀಟರಿನ ಆಚೆಗೂ ಹೋಗುತ್ತಾರೆ. "ರಾಯರೇ, ಅದು ನಮ್ಮ ಲಿಮಿಟ್ ಅಲ್ಲ" ಅಂದರೆ ಕೇಳಿಸುವುದಿಲ್ಲ. ಎಣಿಸುವ ಮೊದಲು ಹೆಬ್ಬೆರಳು ತಾನಾಗಿ ನಾಲಿಗೆಗೆ ಹೋಗುತ್ತದೆ. ಗ್ಲೌಸ್ ಹಾಕಿದ್ದರೂ ಹೋಗುತ್ತದೆ. ಆ ಗ್ಲೌಸು ಅದಕ್ಕೆ ಮೊದಲು ಎಲ್ಲೆಲ್ಲಿ ಹೋಗಿ ಬಂದಿತ್ತು ಎಂದು ನೆನೆಸಿದರೆ ಅವರ ಫ್ಲಾಸ್ಕಿನ ಕಾಫಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ತಡೆದುಕೊಳ್ಳಬಹುದಿತ್ತು. ರಾಯರು ಸಿಕ್ಕಿದ ಪ್ರತಿ ತೊಟ್ಟೆಯನ್ನೂ ಓದುತ್ತಾರೆ. ದೊಡ್ಡದಾಗಿ ಓದುತ್ತಾರೆ. ಕನ್ನಡಕ ಹಣೆಗೇರಿಸಿ, ತೊಟ್ಟೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, "ಎಂಆರ್‌ಪಿ ಐದು ರೂಪಾಯಿ, ಎಲ್ಲಾ ತೆರಿಗೆ ಸೇರಿ. ತಯಾರಾದ ದಿನ..." ಅಂತ ಶುರು ಮಾಡುತ್ತಾರೆ. ಎಕ್ಸ್‌ಪೈರಿ ಮುಗಿದಿದ್ದರೆ ಅವರಿಗೆ ನಿಜವಾಗಿ ಬೇಜಾರಾಗುತ್ತದೆ. ಹಳೇ ಹಾಲಿನ ತೊಟ್ಟೆ ಸಿಕ್ಕಿದರೆ ಅಂದಿನ ಕೆಲಸ ಮುಗಿದ ಹಾಗೆಯೇ. "ಟೀಚರೇ, ಇಲ್ಲಿ ನೋಡಿ, 2011ರದ್ದು! ಆಗ ಹಾಲಿಗೆ ಈ ರೇಟಾ!" ಅಂತ ಕೂಗುತ್ತಾರೆ. ಆಮೇಲೆ ಆಗಿನ ಡಿಎ ಎಷ್ಟಿತ್ತು, ಚಿನ್ನ ಎಷ್ಟಿತ್ತು, ಮಗಳ ಮದುವೆಗೆ ಎಷ್ಟು ಖರ್ಚಾಯಿತು, ಊಟಕ್ಕೆ ಎಷ್ಟು ಎಲೆ ಬಿತ್ತು ಎಲ್ಲ ಬರುತ್ತದೆ. ಮದುವೆ ಊಟದ ತನಕ ಹೋಗಿ ಬರುವಾಗ ತೆರೆ ಬಂದು ನಾವು ಗುಡ್ಡೆ ಹಾಕಿದ್ದರಲ್ಲಿ ಅರ್ಧ ಎಳೆದುಕೊಂಡು ಹೋಗಿರುತ್ತದೆ.

ಆ 2.5 ಸೆಂಟಿಮೀಟರ್ ನಿಯಮವಂತೂ ಅವರ ಕೈಗೆ ಸಿಗಲೇಬಾರದಿತ್ತು. ಜೇಬಿನಲ್ಲಿ ಸದಾ ಒಂದು ಸ್ಕೇಲು. ಬಿಸ್ಕತ್ತಿನ ಕಾಗದದ ಚೂರನ್ನು ಮೊದಲು ಮೊಣಕಾಲಿನ ಮೇಲಿಟ್ಟು ನೀಟಾಗಿ ಬಿಡಿಸಿ, ಆಮೇಲೆ ಅಳೆಯುತ್ತಾರೆ. "ಮಡಿಸಿದರೆ ಎರಡು, ಬಿಡಿಸಿದರೆ ಮೂರು. ಎಂತ ಮಾಡುದು?" ಅಂತ ನನ್ನನ್ನು ಕೇಳುತ್ತಾರೆ. ನಿಜವಾಗಿ ಕೇಡು ಮಾಡುವ ಕಸ ಈ ಸ್ಕೇಲಿನ ಕೆಳಗೆ ನುಸುಳಿ ಹೋಗುತ್ತದೆ ಅನ್ನುವುದು ಬೇರೆ ಮಾತು. 2025ರ ಮೇ ತಿಂಗಳಲ್ಲಿ ಕೇರಳದ ಕಡಲಲ್ಲಿ 640 ಕಂಟೇನರ್ ಹೊತ್ತ ಹಡಗು ಮುಳುಗಿತಲ್ಲ, ಆಮೇಲೆ ಅಲ್ಲಿನ ದಡಕ್ಕೆ ಸಾಬಕ್ಕಿ ಹಾಗಿರುವ ಪ್ಲಾಸ್ಟಿಕ್ ಕಾಳು ರಾಶಿ ರಾಶಿ ಬಂತು. ನಮ್ಮ ಫಾರಂ ಪ್ರಕಾರ ಆ ರಾಶಿಯ ಲೆಕ್ಕ ಸೊನ್ನೆ.

ಇನ್ನು ಚಪ್ಪಲಿ. ನಮ್ಮ ಫಾರಂನಲ್ಲಿ "ಪಾದರಕ್ಷೆ" ಅಂತ ಒಂದೇ ಕಾಲಂ. ರಾಯರ ವಾದ, ಅಂಗಡಿಯಲ್ಲಿ ಯಾರೂ ಒಂಟಿ ಚಪ್ಪಲಿ ಮಾರುವುದಿಲ್ಲ, ಹಾಗಾಗಿ ಒಂಟಿ ಚಪ್ಪಲಿ ಅರ್ಧ. ಜೋಡಿ ಸಿಕ್ಕಿದರೆ ಒಂದು. ನಮ್ಮ ಜೊತೆಗಿರುವ ಇಬ್ಬರು ಕಾಲೇಜು ಹುಡುಗರಲ್ಲಿ ಒಬ್ಬ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇರಲಿಲ್ಲ. ಅವನು ಎಲ್ಲೋ ಓದಿದ್ದನಂತೆ. ನೆದರ್‌ಲ್ಯಾಂಡ್ಸಿನ ಟೆಕ್ಸೆಲ್ ದ್ವೀಪದ ದಡದಲ್ಲಿ ಹೆಕ್ಕಿ ನೋಡಿದರೆ ಎಡಗಾಲಿನ ಶೂಗಳೇ ಜಾಸ್ತಿ, ಸ್ಕಾಟ್ಲೆಂಡಿನ ಶೆಟ್ಲೆಂಡಿನಲ್ಲಿ ಬಲಗಾಲಿನವು ಜಾಸ್ತಿ. ಎಡ ಬಲದ ಆಕಾರ ಬೇರೆ ಇರುವುದರಿಂದ ಗಾಳಿ, ನೀರು ಅವನ್ನು ಬೇರೆ ಬೇರೆ ದಿಕ್ಕಿಗೆ ತಳ್ಳುತ್ತವೆ ಅಂತ ಅಲ್ಲಿಯವರ ಅಂದಾಜು.

ಇದನ್ನು ಕೇಳಿದ ರಾಯರ ಮುಖ ಅರಳಿದ್ದು ನೋಡಬೇಕಿತ್ತು. ಅಂದಿನಿಂದ ಪ್ರತಿ ಚಪ್ಪಲಿಯನ್ನೂ ಮರಳಿನ ಮೇಲಿಟ್ಟು, ಪಕ್ಕದಲ್ಲಿ ತಮ್ಮ ಕಾಲಿಟ್ಟು, ಎಡವೋ ಬಲವೋ ಅಂತ ತೀರ್ಮಾನ ಮಾಡುತ್ತಾರೆ. ಫಾರಂನಲ್ಲಿ ಜಾಗ ಇಲ್ಲವಾದ್ದರಿಂದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ಎ", "ಬ" ಅಂತ ಬರೆಯುತ್ತಾರೆ. ಮೊನ್ನೆ ಸಿಕ್ಕಿದ್ದು ಅರ್ಧ ಸವೆದು ಗುರುತೇ ಸಿಗದ ಚಪ್ಪಲಿ. ರಾಯರು ಅದನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರು. ಎಡಗಾಲಿಗೆ ಹಾಕಿ ನಡೆದರು, ಬಲಗಾಲಿಗೆ ಹಾಕಿ ನಡೆದರು. "ಎರಡಕ್ಕೂ ಆಗ್ತದೆ ಮಾರಾಯ್ರೇ" ಅಂತ ಪೆಚ್ಚಾಗಿ ನಿಂತರು.

ಅದೇ ಹೊತ್ತಿಗೆ ವಾಕಿಂಗಿಗೆ ಬಂದ ಒಬ್ಬರು ನಮ್ಮನ್ನು ತಡೆದರು. "ನೀವು ಪಂಚಾಯತಿನವರಾ?"

"ಅಲ್ಲ."

"ನಮ್ಮ ಗೇಟಿನ ಹತ್ತಿರ ಎರಡು ವಾರದಿಂದ ಕಸ ಬಿದ್ದುಂಟು. ಅದನ್ನು ಯಾವಾಗ ತೆಗೀತೀರಿ?"

"ನಾವು ಸ್ವಯಂಸೇವಕರು ಸಾರ್. ಇಲ್ಲಿ ಕಸ ಎಣಿಸ್ತೇವೆ."

ಅವರು ನನ್ನನ್ನು, ಕೈಯಲ್ಲಿದ್ದ ಪ್ಯಾಡನ್ನು, ಒಂಟಿ ಚಪ್ಪಲಿಯಲ್ಲಿ ಕುಂಟುತ್ತಿದ್ದ ರಾಯರನ್ನು ಒಮ್ಮೆ ನೋಡಿದರು. ಕೈಯಲ್ಲಿದ್ದ ಬೊಂಡದ ಕೊನೆಯ ಗುಟುಕು ಹೀರಿ, ಸ್ಟ್ರಾ ಸಮೇತ ನನ್ನ ಕಾಲಬುಡದಲ್ಲಿಟ್ಟು "ಹಾಗಾದರೆ ಇದನ್ನೂ ಬರ್ಕೊಳ್ಳಿ" ಅಂದು ಹೋದರು. ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈ 1ರಿಂದಲೇ ನಿಷೇಧ. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ರಾಯರು ಓಡಿ ಬಂದು ಸ್ಟ್ರಾ ತೆಗೆದುಕೊಂಡರು. ಅವರಿಗೆ ಹತ್ತರ ಕಟ್ಟಿಗೆ ಒಂದು ಕಡಿಮೆ ಬಿದ್ದಿತ್ತು.

ಪ್ರಾಣಿಗಳ ಪುಟವೂ ಏನೂ ಕಡಿಮೆಯಿಲ್ಲ. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತವೆ. ಹೊನ್ನಾವರ, ಕಾರವಾರದ ಕಡೆ ಇದು ಹಳೆಯ ಸಂಗತಿ. ನಮ್ಮ ಕಡೆ 2024ರಲ್ಲಿ ಸಸಿಹಿತ್ಲಿನಲ್ಲಿ ಮೊಟ್ಟೆ ಸಿಕ್ಕಿ ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾದ ಮೇಲೆ ಊರಿಡೀ ಆಮೆಯ ಕಣ್ಣು. ನಸುಕಿನಲ್ಲಿ ಫೋನು ಬರುತ್ತದೆ. ಒಮ್ಮೆ ಹೀಗೇ "ದೊಡ್ಡ ಆಮೆ ಬಂದುಂಟು, ಅಲ್ಲಾಡ್ತಾ ಉಂಟು, ಬೇಗ ಬನ್ನಿ" ಅಂತ ಕರೆ. ಹಲ್ಲುಜ್ಜದೆ ಓಡಿದೆವು.

ಅಲ್ಲಿ ಆಗಲೇ ಜನ ಸೇರಿ ಸುತ್ತ ಕೋಲು ನೆಟ್ಟಿದ್ದರು. ಯಾರೂ ಟಾರ್ಚ್ ಹಾಕಬಾರದು, ಆಮೆ ಹೆದರುತ್ತದೆ ಅಂತ ಒಬ್ಬರು ಕಾವಲು ನಿಂತಿದ್ದರು. ಬಹಳ ಸರಿಯಾದ ಮಾತು. ಹಾಗಾಗಿ ಬೆಳಕು ಹರಿಯುವ ತನಕ ಎಲ್ಲರೂ ಉಸಿರು ಬಿಗಿ ಹಿಡಿದು ಕೂತೆವು. ಬೆಳಕು ಹರಿಯಿತು. ಮಗುಚಿ ಬಿದ್ದ ಒಂದು ಹಸಿರು ಬೇಸಿನ್ನು. ತೆರೆ ತಾಗಿದಾಗಲೆಲ್ಲ ಅಲ್ಲಾಡುತ್ತಿತ್ತು. ಅಷ್ಟರಲ್ಲಿ ಒಬ್ಬರು ಅಜ್ಜಿ ಕೂರ್ಮಾವತಾರ ಅಂತ ಕೈಮುಗಿದು ಅದರ ಮೇಲೆ ದಾಸವಾಳ ಇಟ್ಟಾಗಿತ್ತು. ನಾನು ಪ್ಲಾಸ್ಟಿಕ್ ಕಾಲಂನಲ್ಲಿ ಬರೆಯಹೊರಟರೆ ರಾಯರು ಕೈ ಹಿಡಿದರು. "ಹೂ ಬಿದ್ದಾಗಿದೆ ಟೀಚರೇ. ಇನ್ನು ಕಸ ಅಂತ ಹೇಗೆ ಬರೆಯುದು?"

ನಿಜವಾದ ಆಮೆ ಬಂದರೂ ಎಲ್ಲಿ ಹತ್ತಬೇಕು ಹೇಳಿ. ನಮ್ಮತ್ತೆ ಮದುವೆಯಾಗಿ ಬಂದಾಗ ಮನೆಯಿಂದ ಕಡಲಿಗೆ ಹೋಗಲು ಇಡೀ ತೆಂಗಿನ ತೋಟ ದಾಟಬೇಕಿತ್ತಂತೆ. ಈಗ ಅಡುಗೆಮನೆಯ ಕಿಟಕಿಯಿಂದ ತೆರೆ ಕಾಣುತ್ತದೆ. ಕಡಲ್ಕೊರೆತಕ್ಕೆ ಸುರಿದ ಕಪ್ಪು ಕಲ್ಲುಗಳ ಗೋಡೆ ಉದ್ದಕ್ಕೂ ಬಿದ್ದಿದೆ. ಅದನ್ನು ನನಗೇ ಹತ್ತಲಾಗುವುದಿಲ್ಲ, ಮೊಟ್ಟೆ ಹೊತ್ತ ಆಮೆ ಹತ್ತುತ್ತದಾ? ತೀರದ ಅಗಲ ಅಳೆಯಲು ನಾವು ಒಂದು ತೆಂಗಿನ ಮರವನ್ನು ಗುರುತು ಮಾಡಿಕೊಂಡಿದ್ದೆವು. ಕಾಂಡಕ್ಕೆ ಕೆಂಪು ಬಣ್ಣ ಬಳಿದು, ಅಲ್ಲಿಂದ ನೀರಿನ ತನಕ ಟೇಪು ಹಿಡಿಯುತ್ತಿದ್ದೆವು. ಕಳೆದ ಮಳೆಗಾಲದಲ್ಲಿ ಆ ಮರವೇ ಬಿತ್ತು. ಮರುದಿನ ಅತ್ತೆ ಅಲ್ಲಿ ತನಕ ನಡೆದು ಹೋಗಿ, ಏನೂ ಮಾತಾಡದೆ ವಾಪಸು ಬಂದರು. ಅದು ಅವರ ತೋಟದ ಕೊನೆಯ ಮರವಾಗಿತ್ತಂತೆ. ನಮಗೆ ಬಣ್ಣ ಬಳಿಯುವಾಗ ಗೊತ್ತಿರಲಿಲ್ಲ, ಅವರೂ ಹೇಳಿರಲಿಲ್ಲ.

ಇರಲಿ. ನನ್ನ ಈಗಿನ ಉರಿಗೆ ಕಾರಣ ಬೇರೆ. ಎಣಿಸಿದ ಕಸವನ್ನು ಗೋಣಿಗೆ ತುಂಬಿ ರಸ್ತೆ ಬದಿಯಲ್ಲಿ ಇಡುತ್ತೇವೆ. ಗಾಡಿ ಬಂದು ಒಯ್ಯಬೇಕು. ಗಾಡಿಯವರಿಗೆ ಫೋನ್ ಮಾಡಿದರೆ ಕಡಲಿನ ಕಸ ನಮ್ಮ ವಾರ್ಡಿಗೆ ಬರುವುದಿಲ್ಲ ಅನ್ನುತ್ತಾರೆ. ಕಡಲು ಯಾವ ವಾರ್ಡಿಗೆ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ಬುಧವಾರದ ಹೊತ್ತಿಗೆ ನಾಯಿಗಳು ಗೋಣಿ ಹರಿಯುತ್ತವೆ. ಗುರುವಾರ ಗಾಳಿ. ಭಾನುವಾರ ನಾವು.

ಇದನ್ನು ಕಂಡುಹಿಡಿದದ್ದು ಬೇರೆ ಯಾರೂ ಅಲ್ಲ, ಓದುವ ರಾಯರು. ಒಂದು ದಿನ ಶಾಂಪೂ ಸ್ಯಾಶೆಯನ್ನು ಕಣ್ಣ ಹತ್ತಿರ ಹಿಡಿದವರು ಓದದೆ ಸುಮ್ಮನಾದರು. ಅಪರೂಪ ಅಂತ ನಾನೇ ಹತ್ತಿರ ಹೋದೆ. "ಇದು ನಮ್ಮದೇ ಟೀಚರೇ" ಅಂದರು. ಬ್ಯಾಚ್ ನಂಬರ್ ಬಾಯಿಪಾಠ ಇತ್ತು ಅವರಿಗೆ. ಹಾಲಿನ ತೊಟ್ಟೆಯೂ ಅದೇ. ಎಂಆರ್‌ಪಿ ಐದು ರೂಪಾಯಿಯೂ ಅದೇ. ಸ್ಟ್ರಾ ಕಟ್ಟಂತೂ ರಬ್ಬರ್ ಬ್ಯಾಂಡ್ ಸಮೇತ ಬಂದಿತ್ತು. ವಾರ ವಾರ ಕಸ ಏರುತ್ತಿದೆ ಅಂತ ನಾವು ಕಳಿಸಿದ ಲೆಕ್ಕದಲ್ಲಿ ಹೊಸದು ಎಷ್ಟು, ನಾವೇ ಹೆಕ್ಕಿ ಇಟ್ಟದ್ದು ಎಷ್ಟು, ದೇವರಿಗೇ ಗೊತ್ತು.

ರಾಯರು ಇದಕ್ಕೆ ಉಪಾಯ ಮಾಡಿದರು. ಗೋಣಿಯ ಬಾಯಿಗೆ ನೈಲಾನ್ ಹಗ್ಗ ಬಿಗಿದು, ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೆದು, ನೋಟಿನ ಕಟ್ಟಿಗೆ ಮಾಡುವಂತೆಯೇ ಸಹಿ ಹಾಕತೊಡಗಿದರು. ನಾಯಿಗಳಿಗೆ ಸಹಿ ಓದಲು ಬರುವುದಿಲ್ಲ. ಮೊನ್ನೆ ಚಪ್ಪಲಿ ಗಲಾಟೆ ಮುಗಿಸಿ ಹಗ್ಗ ಸುತ್ತುವಾಗ ನೀರಿನ ಅಂಚಿನಲ್ಲಿ ಒಂದು ಖಾಲಿ ಗೋಣಿ ಕಂಡಿತು. ಹರಿದಿತ್ತು. ತಾರೀಕು ಅಳಿಸಿ ಹೋಗಿತ್ತು. ಸಹಿ ಮಾತ್ರ ಗಟ್ಟಿಯಾಗಿತ್ತು.

ಫಾರಂನಲ್ಲಿ ಪ್ರತಿ ವಸ್ತುವಿನ ಮುಂದೆ "ಮೂಲ" ಅಂತ ಒಂದು ಕಾಲಂ ಉಂಟು. ಮೀನುಗಾರಿಕೆಯಾ, ಹಡಗಾ, ಪ್ರವಾಸಿಗರಾ, ಸ್ಥಳೀಯರಾ ಅಂತ ಬರೆಯಬೇಕು. ರಾಯರು ಪೆನ್ನಿನ ಮುಚ್ಚಳ ತೆಗೆದು ನನ್ನ ಮುಖ ನೋಡಿದರು.

"ಎಂತ ಬರೀಲಿ?"

ಬಿಸಿಲು ನೆತ್ತಿಗೇರಿತ್ತು. ಮನೆಯಲ್ಲಿ ಬಂಗುಡೆ ತೊಳೆಯದೆ ಹಾಗೇ ಬಿದ್ದಿತ್ತು. "ಸ್ಥಳೀಯ ಅಂತ ಬರೀರಿ ರಾಯರೇ, ಹೋಗುವ" ಅಂದೆ.

ಅವರು ಬರೆದರು. ಮತ್ತೆ ಪೆನ್ನು ನಿಂತಿತು.

"ಗೋಣಿ ಒಂದು ಸರಿ. ಬಾಯಿಗೆ ಕಟ್ಟಿದ ಹಗ್ಗ ಬೇರೆ ಲೆಕ್ಕವಾ, ಇದರಲ್ಲೇ ಸೇರಿಸುದಾ?"