ಸಿಂಕಿನ ಗೀರು

ಹೊಸ ಸಿಂಕಿಗೆ ಮೊದಲ ಗೀರು ಬೀಳುವ ತನಕ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ಕುಕ್ಕರ್ ಇಳಿಸುವಾಗ "ಸಾವಕಾಶ", ಡಬರಿ ಇಡುವಾಗ "ಸಾವಕಾಶ", ಚಮಚ ಜಾರಿದರೂ ಪಡಸಾಲೆಯಿಂದ "ಏನದು ಸಪ್ಪಳ?" ಎಂಬ ವಿಚಾರಣೆ. ಈ ಶಿಸ್ತು ನಮ್ಮ ಕಲಬುರಗಿಯಲ್ಲಿ ಬಹಳ ದಿನ ನಡೆಯುವುದಿಲ್ಲ, ರೊಟ್ಟಿ ಹಂಚು ನಡೆಯಗೊಡುವುದಿಲ್ಲ. ಜ್ವಾಳದ ರೊಟ್ಟಿ ಬೇಯುವ ಮನೆಯಲ್ಲಿ ಕಬ್ಬಿಣದ ಹಂಚು ಇರಲೇಬೇಕು, ಆ ಹಂಚು ಒಂದಲ್ಲ ಒಂದು ದಿನ ಸಿಂಕಿಗೆ ಇಳಿಯಲೇಬೇಕು. ಇಳಿದದ್ದು ಇಳಿದಲ್ಲೇ ಕೂಡುವುದಿಲ್ಲ. ತನ್ನ ಭಾರಕ್ಕೆ ಒಂದು ಗೇಣು ಸರಿದು, ಅಂಚಿನ ಕರಕಿನಿಂದ ತಳದ ಮೇಲೆ ಅಡ್ಡಡ್ಡ ಒಂದು ಗೆರೆ ಎಳೆದೇ ನಿಲ್ಲುತ್ತದೆ.

ಹಿಂದೆ ಈ ಚಿಂತೆ ಇರಲಿಲ್ಲ. ಭಾಂಡೆ ತಿಕ್ಕುತ್ತಿದ್ದದ್ದು ಬಚ್ಚಲಿನಲ್ಲಿ, ಶಹಾಬಾದ್ ಫರ್ಸಿಯ ಮೇಲೆ ಕುಂತು, ತೊಗರಿ ಕಟಗಿ ಉರಿಸಿದ ಬೂದಿಯಿಂದ. ಫರ್ಸಿಗೂ ಗೀರು ಬೀಳುತ್ತಿತ್ತು. ಒಂದು ಚರಗಿ ನೀರು ಸುರಿದರೆ ಗೀರೂ ಮಾಯ, ಕಲ್ಲು ಮತ್ತೆ ಕರ್ರಗೆ. ಸ್ಟೀಲಿಗೆ ಆ ಗುಣ ಇಲ್ಲ. ನೀರು ಬಿದ್ದಷ್ಟೂ ಮಿಂಚುತ್ತದೆ, ಮಿಂಚಿದಷ್ಟೂ ಗೀರು ಎದ್ದು ಕಾಣುತ್ತದೆ.

ನಮ್ಮಲ್ಲಿ ಭಾಂಡೆ ತಿಕ್ಕಲು ಬರುವ ಅಕ್ಕನ ಮುಂದೆ ಈ ದುಃಖ ತೋಡಿಕೊಂಡರೆ ಆಕೆ ಕೈ ನಿಲ್ಲಿಸದೆ ಕೇಳಿದಳು: "ಗೀರು ಬಿದ್ರ ನೀರು ಸೋರ್ತದೇನ್ರಿ ಅಕ್ಕೋರೆ?" ಸೋರುವುದಿಲ್ಲ. ಅಡುಗೆಮನೆಯ ಸಿಂಕಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು ದಪ್ಪ ಇರುತ್ತದೆ, ಹಂಚಿನ ಗೀರು ಅದರ ಚರ್ಮವನ್ನಷ್ಟೇ ಮುಟ್ಟಿರುತ್ತದೆ. ನೀರಿಗೆ ಇಲ್ಲದ ತಕರಾರು ಕಣ್ಣಿಗೆ ಇದೆ, ಅಷ್ಟೇ.

ಕಣ್ಣಿನ ತಕರಾರು ಏನೆಂದು ತಿಳಿಯಬೇಕಾದರೆ ಹೊಸ ಸಿಂಕನ್ನೇ ಬಗ್ಗಿ ನೋಡಬೇಕು. ಅದು ಗೀರಿಲ್ಲದ ಸಿಂಕೇ ಅಲ್ಲ. ಕಾರ್ಖಾನೆಯಲ್ಲೇ ಅದರ ಮೈತುಂಬ ಸಣ್ಣ ಗೀರುಗಳನ್ನು ಎಳೆದು ಕಳಿಸಿರುತ್ತಾರೆ, ಎಲ್ಲವೂ ಒಂದೇ ದಿಕ್ಕಿಗೆ. ಮ್ಯಾಟ್ ಫಿನಿಶ್ ಎಂದು ಮಾರುವುದು ಅದನ್ನೇ. ಕೂರಿಗೆಯಲ್ಲಿ ಬಿತ್ತಿದ ಜ್ವಾಳದ ಹೊಲದಲ್ಲಿ ಸಾಲು ಎಷ್ಟಿದ್ದರೂ ಕಣ್ಣು ತಡೆಯುವುದಿಲ್ಲ. ಯಾರೋ ಬಂಡಿಯನ್ನು ಅಡ್ಡ ಹೊಡೆದುಕೊಂಡು ಹೋಗಿದ್ದರೆ ದೂರದ ರಸ್ತೆಯಿಂದಲೇ ಕಾಣುತ್ತದೆ. ಉದ್ದಸಾಲಿನ ಗೆರೆಗಳು ಬೆಳಕನ್ನು ಒಂದು ಕಡೆ ಚೆಲ್ಲುತ್ತವೆ, ಅಡ್ಡಗೆರೆ ಇನ್ನೊಂದು ಕಡೆ. ಗೀರು ತೆಗೆಯುವುದೆಂದರೆ ತುಸು ತಗಡು ಸವೆಸಿ, ಆ ಅಡ್ಡಗೆರೆಯನ್ನು ಹೊಸದಾಗಿ ಎಳೆದ ಉದ್ದಗೆರೆಗಳ ನಡುವೆ ಕಳೆದುಹಾಕುವುದು. ಒಂದು ಗೀರು ಹೋಗಲಿಕ್ಕೆ ನೂರಾರು ಗೀರು ನಾವೇ ಎಳೆಯಬೇಕು.

ಅದಕ್ಕೆ ಬೇಕಾದದ್ದು ವಾಟರ್ ಪೇಪರ್, ಅಂದರೆ ಒದ್ದೆ ಮಾಡಿ ಉಜ್ಜುವ ಮರಳು ಕಾಗದ, ಹಾರ್ಡ್‌ವೇರ್ ಅಂಗಡಿಯಲ್ಲಿ ಹಾಳೆ ಲೆಕ್ಕದಲ್ಲಿ ಸಿಗುತ್ತದೆ. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ಕೇಳಿದಾಗ ನಡೆದ ಮಾತುಕತೆ ಇದು.

"ಎಷ್ಟು ನಂಬರಿಂದು ಕೊಡ್ಲಿ?"

"ನಾಕ್ನೂರು ಒಂದು, ಆರ್ನೂರು ಒಂದು."

"ಗಾಡಿಗೇನ್ರಿ?"

"ಅಲ್ರಿ, ಸಿಂಕಿಗಿ."

ಆತ ಮುಖ ನೋಡಿದ. ಗಾಡಿಗೆ ಬಣ್ಣ ಹಚ್ಚುವವರು, ಬಾಗಿಲಿಗೆ ಪಾಲಿಶ್ ಮಾಡುವವರು ಒಯ್ಯುವ ಸಾಮಾನು ಅದು. ಆದರೂ ನಂಬರಿನ ಲೆಕ್ಕ ತಪ್ಪದೆ ಹೇಳಿದ: ನಂಬರು ಏರಿದಂತೆ ಕಾಗದ ನುಣುಪು, ಇಳಿದಂತೆ ಒರಟು.

ಮೊದಲು ಉಗುರಿನ ಪರೀಕ್ಷೆ. ಗೀರಿನ ಮೇಲೆ ಉಗುರು ಅಡ್ಡ ಎಳೆದಾಗ ತೊಡರದಿದ್ದರೆ ಕಾಗದವೇ ಬೇಡ. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ, ಹಸಿರು ಸ್ಕ್ರಬರಿನಿಂದ ಸಾಲಿನ ಗುಂಟ ತಿಕ್ಕಿದರೆ ಸಾಕಾಗುತ್ತದೆ. ಉಗುರು ತೊಡರಿದರೆ ವಾಟರ್ ಪೇಪರಿನ ಸಣ್ಣ ತುಂಡೊಂದನ್ನು ಮರದ ತುಂಡಿಗೆ ಸುತ್ತಿ, ಒದ್ದೆ ಮಾಡಿ, ಸಾಲಿನ ದಿಕ್ಕಿಗೇ ನೆಟ್ಟಗೆ ಎಳೆಯಬೇಕು. ಆರುನೂರರಿಂದ ಶುರು, ಅದಕ್ಕೆ ಬಗ್ಗದಿದ್ದರೆ ನಾಲ್ಕುನೂರು, ಮುಗಿಸುವಾಗ ಮತ್ತೆ ಆರುನೂರು. ಭಾಂಡೆ ತಿಕ್ಕುವ ಕೈ ತಾನಾಗಿಯೇ ಗುಂಡಗೆ ತಿರುಗುತ್ತದೆ. ಅದನ್ನು ತಡೆಯುವುದೇ ದೊಡ್ಡ ಕೆಲಸ. ಒಂದು ಸುತ್ತು ತಿರುಗಿತೋ, ಗೀರು ಹೋಗಿ ಬಳೆ ಉಳಿಯುತ್ತದೆ. ಗೀರಿದ್ದಷ್ಟೇ ಜಾಗ ಉಜ್ಜಿದರೆ ಅಲ್ಲೊಂದು ತೇಪೆ ಕಾಣುತ್ತದೆ, ಹಾಗಾಗಿ ಕೈಯ ಒತ್ತು ಕಡಿಮೆ ಮಾಡುತ್ತ ಅತ್ತಿತ್ತ ಒಂದೊಂದು ಗೇಣು ಹಾಯಬೇಕು. ಉಜ್ಜುವಾಗ ಬರುವ ಬೂದುಬಣ್ಣದ ನೀರು ನೋಡಿ ಹೆದರಬೇಕಿಲ್ಲ, ಅದು ಸಿಂಕಿನದೇ ಪುಡಿ. ಕನ್ನಡಿಯ ಹಾಗೆ ಮುಖ ಕಾಣುವ ಸಿಂಕು ಇದ್ದವರು ಮಾತ್ರ ಈ ಕೆಲಸಕ್ಕೆ ಕೈ ಹಾಕಬಾರದು. ಅದರಲ್ಲಿ ಸಾಲೇ ಇಲ್ಲ.

ಕೊನೆಗೆ ಒಂದು ಹನಿ ಎಣ್ಣೆ ಸವರಿದರೆ ಹೊಳಪು ಬರುತ್ತದೆ ಎನ್ನುತ್ತಾರೆ, ಬರುತ್ತದೆ. ನಮ್ಮ ಕಡೆ ಕೈಗೆ ಮೊದಲು ಸಿಗುವುದು ಕುಸುಬಿ ಎಣ್ಣೆ, ಅದು ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಸವರಿದ ಮೇಲೆ ಒಣ ಬಟ್ಟೆಯಿಂದ ಪೂರಾ ಒರೆಸಿಬಿಡಬೇಕು.

ಎಷ್ಟೋ ಸಲ ಗೀರೆಂದು ತಿಕ್ಕುವುದು ಗೀರೇ ಆಗಿರುವುದಿಲ್ಲ. ಶಹಾಬಾದ್, ವಾಡಿ, ಸೇಡಂ, ಮಳಖೇಡದ ನೆಲದಡಿ ಇರುವುದು ಸುಣ್ಣಕಲ್ಲು. ಅದನ್ನು ಸೀಳಿ ಫರ್ಸಿ ಮಾಡುತ್ತೇವೆ, ಸುಟ್ಟು ಸಿಮೆಂಟು ಮಾಡುತ್ತೇವೆ, ಉಳಿದದ್ದು ಬೋರಿನ ನೀರಲ್ಲಿ ಕರಗಿ ನಳದ ಗುಂಟ ಮೇಲೆ ಬರುತ್ತದೆ. ಕಲಬುರಗಿಯ ಬಿಸಿಲಿಗೆ ನೀರು ಆರಲು ಎಷ್ಟು ಹೊತ್ತು? ನೀರು ಆರಿಹೋಗುತ್ತದೆ, ಸುಣ್ಣ ಬಿಳಿ ಗೆರೆಯಾಗಿ ಕೂಡುತ್ತದೆ. ಇದಕ್ಕೆ ಅರ್ಧ ಹೋಳು ನಿಂಬೆಹಣ್ಣು ಸಾಕು; ಹುಳಿಗೆ ಸುಣ್ಣ ಕರಗುತ್ತದೆ, ನಿಜವಾದ ಗೀರು ಇದ್ದಲ್ಲೇ ಇರುತ್ತದೆ. ಕೆಂಪು ಚುಕ್ಕೆಗಳ ಕತೆಯೂ ಹೀಗೇ. "ಸ್ಟೇನ್‌ಲೆಸ್ ಅಂತ ಕೊಟ್ಟ, ತುಕ್ಕು ಹಿಡೀತು" ಎಂದು ಅಂಗಡಿಯವನನ್ನು ಬೈಯುವ ಮೊದಲು ರಾತ್ರಿಯಿಡೀ ಹಸಿ ಹಂಚು ಎಲ್ಲಿ ಮಲಗಿತ್ತು ನೋಡಬೇಕು, ಕಬ್ಬಿಣದ ಉಣ್ಣೆಯಿಂದ ತಿಕ್ಕಿದವರು ಯಾರೆಂದು ಕೇಳಬೇಕು. ಅವು ಉದುರಿಸಿಹೋದ ಕಬ್ಬಿಣದ ತುಣುಕಿಗೆ ತುಕ್ಕು ಹಿಡಿದಿರುತ್ತದೆ. ಸಿಂಕಿಗೇ ತೂತು ಕೊರೆಯುವಂಥದ್ದು ನಿಂತ ಉಪ್ಪುನೀರು ಮತ್ತು ಬ್ಲೀಚಿಂಗ್ ಪುಡಿ. ಉಪ್ಪಿನಕಾಯಿ ಭರಣಿ ತೊಳೆದ ನೀರನ್ನು ಅಲ್ಲೇ ಬಿಟ್ಟು ಜಾತ್ರೆಗೆ ಹೋಗಬಾರದು.

ಸ್ಟೀಲಿಗೆ ತುಕ್ಕು ಹಿಡಿಯದ ಗುಣವೆಲ್ಲ ಕಣ್ಣಿಗೆ ಕಾಣದ ಒಂದು ಪದರದಲ್ಲಿದೆ. ಒಳ್ಳೆಯ ಸಿಂಕಿನ 304 ಎಂಬ ದರ್ಜೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕೆಲ್ ಇರುತ್ತದೆ. ಆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜತೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಹೊದಿಕೆ ಕಟ್ಟಿಕೊಳ್ಳುತ್ತದೆ. ಗೀರಿದರೆ ಹರಿಯುತ್ತದೆ, ಹರಿದಲ್ಲೇ ಮತ್ತೆ ಕೂಡಿಕೊಳ್ಳುತ್ತದೆ. ಇಂಥ ಉಕ್ಕನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎರಕ ಹೊಯ್ದಾಗ ಆತ ಹುಡುಕುತ್ತಿದ್ದದ್ದು ಬೇಗ ಸವೆಯದ ಬಂದೂಕಿನ ನಳಿಗೆ. ಅದು ಕಡೆಗೆ ಬಂದು ನಿಂತದ್ದು ನಮ್ಮ ಮುಸುರೆಯ ಕೆಳಗೆ. ಅಂದ ಹಾಗೆ, ಅಂಗಡಿಯಲ್ಲಿ ಆಯಸ್ಕಾಂತ ಹಚ್ಚಿ "ನೋಡ್ರಿ, ಹಿಡಿಯಂಗಿಲ್ಲ, ಅಸಲಿ ಮಾಲು" ಎಂದು ತೋರಿಸುತ್ತಾರಲ್ಲ, ಆ ಆಟಕ್ಕೆ ಮರುಳಾಗಬಾರದು. ಅಗ್ಗದ 202 ಸ್ಟೀಲೂ ಆಯಸ್ಕಾಂತಕ್ಕೆ ಅಂಟುವುದಿಲ್ಲ.

ಇಷ್ಟೆಲ್ಲ ಮಾಡುವ ನಾವೇ ಅದೇ ಸ್ಟೀಲಿಗೆ ರೊಕ್ಕ ಕೊಟ್ಟು ಗೀರು ಹಾಕಿಸುತ್ತೇವೆ. ಮದುವೆಯ ಆಯೇರಿ ಎಂದರೆ ತಾಟು, ಬೋಗುಣಿ, ಚರಗಿ. ಭಾಂಡೆ ಅಂಗಡಿಯಲ್ಲಿ ಗುಂಯ್‌ಗುಟ್ಟುವ ಮಶೀನು ಹಿಡಿದು ಚುಕ್ಕಿಚುಕ್ಕಿಯಾಗಿ ಕೊಟ್ಟವರ ಹೆಸರು, ಊರು, ತಾರೀಖು ಕೆತ್ತಿಸದಿದ್ದರೆ ಕೊಟ್ಟಂತೆಯೇ ಅಲ್ಲ. ಆ ಗೀರನ್ನು ವಾಟರ್ ಪೇಪರಿನಿಂದ ಉಜ್ಜಲು ಹೋದರೆ ಬೀಗರ ಜತೆ ಜಗಳವೇ. ಪಕ್ಕದ ಬೀದರದಲ್ಲಂತೂ ಗೀರಿನದೇ ವಿದ್ಯೆ. ಬಿದ್ರಿ ಕೆಲಸದವರು ಸತು ಮತ್ತು ತಾಮ್ರ ಬೆರೆಸಿ ಎರೆದ ಪಾತ್ರೆಯನ್ನು ಅರದಿಂದ ನುಣುಪು ಮಾಡಿ, ಅದಕ್ಕೆ ಮೈಲುತುತ್ತದ ನೀರು ಸವರಿ ಕಪ್ಪಾಗಿಸುತ್ತಾರೆ. ಉಳಿಯಿಂದ ಎಳೆದ ಗೆರೆ ಬೆಳ್ಳಗೆ ಎದ್ದು ಕಾಣಲಿ ಎಂದೇ ಆ ಕಪ್ಪು. ಆಮೇಲೆ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂಡಿಸಿ, ಉಜ್ಜಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಮತ್ತೆ ಕಪ್ಪು ಹಿಡಿಸುತ್ತಾರೆ. ಬೆಳ್ಳಿಗೆ ಮಾತ್ರ ಅದು ಹಿಡಿಯುವುದಿಲ್ಲ. ಅವರು ಗೀರು ಕಾಣಿಸಲು ಪಡುವ ಪಾಡು ನೋಡಿದರೆ, ಅಡಗಿಸಲು ನಾವು ಪಡುವುದು ಏನೂ ಅಲ್ಲ.

ನನ್ನ ಮಟ್ಟಿಗೆ, ಉಗುರು ತೊಡರುವ ಗೀರನ್ನು ತೆಗೆಯಬೇಕು. ಅದರಲ್ಲಿ ಜಿಡ್ಡು ಕೂಡುತ್ತದೆ, ವಾಸನೆ ಹಿಡಿಯುತ್ತದೆ. ಉಳಿದವನ್ನು ಬಿಟ್ಟರೂ ನಷ್ಟವಿಲ್ಲ. ವರ್ಷಗಟ್ಟಲೆ ಭಾಂಡೆ ಬಿದ್ದ ಸಿಂಕಿನಲ್ಲಿ ಎಲ್ಲ ದಿಕ್ಕಿನ ಗೀರೂ ಸೇರಿ ಒಂದೇ ಮಸುಕು ಬಣ್ಣವಾಗುತ್ತದೆ, ಹೊಸ ಗೀರಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಅಷ್ಟು ತಾಳ್ಮೆ ಇಲ್ಲದವರು ತಳಕ್ಕೆ ತಂತಿಯ ಜಾಲರಿ ತಂದಿಡುತ್ತಾರೆ, ನಾವೂ ಇಟ್ಟಿದ್ದೇವೆ. ಜಾಲರಿಗೆ ನಾಲ್ಕು ಕಾಲು, ಕಾಲಿಗೊಂದು ರಬ್ಬರ್ ಬೂಟು. ಬಿಸಿ ಕುಕ್ಕರಿನ ಕೆಳಗೆ ಆ ಬೂಟು ಬೇಗ ಸಡಿಲಾಗಿ ಮುಸುರೆಯ ಜತೆ ಕೊಚ್ಚಿಕೊಂಡು ಹೋಗುತ್ತದೆ, ಅಂದಿನಿಂದ ಬರಿಗಾಲಿನ ತಂತಿ ತಳವನ್ನು ಕೆರೆಯಲು ಶುರು. ಬೂಟು ಬಿಡಿಯಾಗಿ ಕೇಳಿದರೆ ಕೊಡುವುದಿಲ್ಲ, ಜಾಲರಿ ಸಮೇತ ಒಯ್ಯಿರಿ ಎನ್ನುತ್ತಾರೆ.