ಮೇಣದಬತ್ತಿಗೇ ಟಾರ್ಚಾ?

ಕತ್ತಲೆಯಲ್ಲಿ ಕೂತು ಆನಂದಿಸಲೆಂದೇ ದುಡ್ಡು ಕೊಟ್ಟು ಹೋಗುವ ಜಾಗಗಳಿವೆ. ಲಂಡನ್ನಿನ ಎಂಬ್ಯಾಂಕ್‌ಮೆಂಟ್ ಸ್ಟೇಷನ್ ಪಕ್ಕ, ವಿಲಿಯರ್ಸ್ ಸ್ಟ್ರೀಟಿನ ಗಾರ್ಡನ್ಸ್ (Gordon's) ವೈನ್ ಬಾರ್ ಅಂಥದ್ದು. 1890ರದು. ಇಕ್ಕಟ್ಟು ಮೆಟ್ಟಿಲಿಳಿದರೆ ನೆಲಮಾಳಿಗೆ. ಒಳಗೆ ಹೋದಷ್ಟೂ ಕಮಾನು ತಗ್ಗು. ಕುಳ್ಳಗಿರುವವರು ಎದೆ ಸೆಟೆಸಿ ನಡೆಯಬಹುದು, ಮಿಕ್ಕವರು ಬಗ್ಗಬೇಕು. ಬಿಯರ್ ಇಲ್ಲ, ವಿಸ್ಕಿ ಇಲ್ಲ, ಬರೀ ವೈನು. ಶೆರ್ರಿ, ಪೋರ್ಟು ಎಂಬ ಕಡಕ್ ವೈನುಗಳು ಪೀಪಾಯಿಯಿಂದ. ಬೆಳಕು ಅಂದರೆ ಮೇಜಿನ ಮೇಲೊಂದು ಮೇಣದಬತ್ತಿ.

ಅಷ್ಟರಲ್ಲಿ ನಮ್ಮ ಗುಂಪಿನ ಮಹಾನುಭಾವ ಮೊಬೈಲ್ ಟಾರ್ಚ್ ಹಾಕುತ್ತಾನೆ.

ಪ್ರತಿ ಗುಂಪಿನಲ್ಲೂ ಇವನೊಬ್ಬ ಇದ್ದೇ ಇರುತ್ತಾನೆ. ಮೆನು ಓದಲು ಒಮ್ಮೆ, ಕೆಳಗೆ ಬಿದ್ದ ಟಿಶ್ಯೂ ಹುಡುಕಲು ಒಮ್ಮೆ, ವೈನಿನ ಬಣ್ಣ 'ಕರೆಕ್ಟಾಗಿ' ನೋಡಲು ಒಮ್ಮೆ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು; ಕಣ್ಣಿನೊಳಗೆ ರೊಡಾಪ್ಸಿನ್ ಎಂಬ ದ್ರವ್ಯ ನಿಧಾನಕ್ಕೆ ಕೂಡಬೇಕು. ಟಾರ್ಚ್ ಕಣ್ಣಿಗೆ ಬಿತ್ತೋ, ಕೂಡಿಟ್ಟದ್ದು ಕರಗಿತು. 'ಇಲ್ಲಿ ಏನೂ ಕಾಣಲ್ಲ ಮಾರಾಯ' ಅಂತ ಅವನೇ ಗೊಣಗುತ್ತಾನೆ, ಮತ್ತೆ ಹಾಕುತ್ತಾನೆ. ಸ್ವಾಮೀ, ಹಳೆಯ ಪೋರ್ಟ್ ಬಗ್ಗಿಸುವವರು ಬಾಟಲಿಯ ಕತ್ತಿನಡಿ ಹಿಡಿಯುತ್ತಿದ್ದುದೇ ಮೇಣದಬತ್ತಿ. ತಳದ ಚರಟ ಕತ್ತಿಗೆ ಬಂದದ್ದು ಆ ಬೆಳಕಿನಲ್ಲೇ ಕಂಡು ಕೈ ನಿಲ್ಲಿಸುತ್ತಿದ್ದರು.

ಚೀಸ್ ತಟ್ಟೆ ಬಂದರಂತೂ ಪೂರ್ತಿ ತನಿಖೆ. 'ಅಯ್ಯೋ, ಬೂಷ್ಟು ಹಿಡಿದಿದೆ!' ಹಿಡಿದಿಲ್ಲಪ್ಪಾ, ಹಿಡಿಸಿದ್ದಾರೆ. ಸ್ಟಿಲ್ಟನ್ ಎಂಬ ಈ ಇಂಗ್ಲಿಷ್ ಚೀಸ್‌ಗೆ ಉದ್ದನೆಯ ಸೂಜಿ ಚುಚ್ಚಿ, ಗಾಳಿ ಹೋಗಲು ದಾರಿ ಮಾಡಿ, ಆ ನೀಲಿ ಬೆಳೆಸಿದ್ದಾರೆ. ಸಸ್ಯಾಹಾರಿಗಳು ಕೇಳಬೇಕಾದದ್ದು ಬೇರೆ: ಹಾಲು ಒಡೆಯಲು ಹಾಕಿದ ರೆನೆಟ್ ಕರುವಿನ ಹೊಟ್ಟೆಯದೋ ಅಲ್ಲವೋ? ಅದು ಯಾವ ಟಾರ್ಚಿಗೂ ಕಾಣುವುದಿಲ್ಲ.

ತನಿಖೆಯ ಭರದಲ್ಲಿ ತೋಳು ಬತ್ತಿಗೆ ತಗುಲಿ, ಮೇಣ ಅಂಗಿಯ ಮೇಲೆ. ತಕ್ಷಣ ಟಿಶ್ಯೂ ಹಾಕಿ ತಿಕ್ಕುತ್ತಾನೆ. ಬಿಸಿ ಮೇಣ ನೂಲಿನೊಳಗೆ ಇಳಿದು ಸಂಸಾರ ಹೂಡುತ್ತದೆ. ಮುಟ್ಟಬಾರದು. ಗಟ್ಟಿಯಾಗಲಿ, ಐಸ್ ಇಟ್ಟು ಉಗುರಿನಿಂದ ಎಬ್ಬಿಸಿ. ಉಳಿದದ್ದಕ್ಕೆ ಮನೆಯಲ್ಲಿ ಬಟ್ಟೆಯ ಮೇಲೆ ಕೆಳಗೆ ಖಾಲಿ ಕಾಗದ ಇಟ್ಟು ಸಣ್ಣ ಬಿಸಿಯಲ್ಲಿ ಇಸ್ತ್ರಿ ಹಾಕಿದರೆ ಕಾಗದವೇ ಹೀರುತ್ತದೆ. ನ್ಯೂಸ್ ಪೇಪರ್ ಬೇಡ, ಅಂಗಿಗೆ ಹೆಡ್‌ಲೈನ್ ಅಂಟುತ್ತದೆ.

ಕೊನೆಗೆ ಲೆಕ್ಕ. 750 ಮಿ.ಲೀ. ಬಾಟಲಿಯಲ್ಲಿ 175ರ ಗ್ಲಾಸು ನಾಲ್ಕೇ, 50 ಮಿ.ಲೀ. ಮಿಗುತ್ತದೆ. ಆ 50 ಯಾರಿಗೆ ಅನ್ನುವುದರಲ್ಲಿ ಸ್ನೇಹ ಹಾಳಾಗಬಾರದೆಂದರೆ ಮೊದಲೇ 125ರಂತೆ ಆರು ಪಾಲು ಮಾಡಿ.

ಹೊರಗೆ, ಪಕ್ಕದ ತೋಟದಲ್ಲಿ 1626ರ ಯಾರ್ಕ್ ವಾಟರ್‌ಗೇಟ್ ನಿಂತಿದೆ. ದೋಣಿ ಹತ್ತಲು ಕಟ್ಟಿದ ಬಾಗಿಲು. ಥೇಮ್ಸ್ ಒಮ್ಮೆ ಇದರ ಬುಡಕ್ಕೇ ಬರುತ್ತಿತ್ತು. 1870ರಲ್ಲಿ ದಂಡೆಯ ಕಟ್ಟೆ ಮುಗಿದ ಮೇಲೆ ನದಿ ಅತ್ತ ಸರಿಯಿತು, ಬಾಗಿಲು ಇಲ್ಲೇ ಉಳಿಯಿತು. ನೀರು ಬತ್ತಿದ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಂಥ ಒಂದು ಸಪ್ಪೆ ಮೌನ ಅಲ್ಲಿ. ಕೆಳಗಿನ ಕತ್ತಲೆಯಿಂದ ಬಂದ ಕಣ್ಣಿಗೆ ಆ ಕಲ್ಲು ಚೆನ್ನಾಗಿಯೇ ಕಾಣುತ್ತದೆ. ಬೀದಿದೀಪವೂ ಇದೆ.

ಅವನ ಕೈ ಆಗಲೇ ಜೇಬಿಗೆ ಹೋಗಿದೆ.